ಅಳಿಯ ಉಟ್ಟ ಅರ್ಧ ಕಂಬಳಿ

ನಮ್ಮ ನಡುಮನೆಯ ಮೊಳೆಗೆ ಒಂದು ಹಸಿರು ಬೆಲ್ಟು ನೇತುಹಾಕಿದೆ. ಅಂಗೈ ಅಗಲದ್ದು, ಮುಂದೆ ಎರಡು ಜೇಬು. ತಮಿಳುನಾಡಿನ ಸೇಲಮ್ಮಿನ ಕಡೆಯ ಮೇಚೇರಿ ಸಂತೆ ನೋಡಿದವರಿಗೆ ಇದರ ಗುರುತು ಹೇಳಬೇಕಾಗಿಲ್ಲ. ಕುರಿ ವ್ಯಾಪಾರದವರು ಲುಂಗಿಯ ಮೇಲೆ ಬಿಗಿದು ಕಟ್ಟುತ್ತಾರಲ್ಲ, ಅದೇ. ಇದಕ್ಕೆ ಏಳು ತೂತುಗಳಿವೆ. ಆರು ಮಾಡಿದವರು ಹಾಕಿದ್ದು. ಏಳನೆಯದನ್ನು ನಾನು ಕಾದ ಮೊಳೆಯಿಂದ ಸುಟ್ಟು ಹಾಕಿದೆ. ಕುರಿ ವ್ಯಾಪಾರಿಯ ಹೊಟ್ಟೆಗೂ ಸ್ಕಾಟ್ಲೆಂಡಿನಿಂದ ಬಂದ ನಮ್ಮ ಅಳಿಯನ ಹೊಟ್ಟೆಗೂ ನಡುವೆ ಒಂದು ಗೇಣು ವ್ಯತ್ಯಾಸವಿತ್ತು.

ಮೊನ್ನೆ ಧೂಳು ಒರೆಸಲು ಬೆಲ್ಟನ್ನು ಕೆಳಗಿಳಿಸಿದೆ. ಅದನ್ನು ಮತ್ತೆ ಮೊಳೆಗೆ ಹಾಕುವಷ್ಟರಲ್ಲಿ ಅರ್ಧ ದಿನ ಹೋಗಿತ್ತು.

ಇದನ್ನು ಮೊದಲಿನಿಂದ ಹೇಳೋಣವೆಂದರೆ ಮೊದಲು ಯಾವುದು ಎಂಬುದೇ ನನಗೆ ಖಾತ್ರಿಯಿಲ್ಲ. ನನ್ನ ತಂಗಿ ರಾಜಮ್ಮನನ್ನು ಕೇಳಿದರೆ ಎಲ್ಲಾ ಶುರುವಾದದ್ದು ನನ್ನ ತಲೆಹರಟೆಯಿಂದ ಎನ್ನುತ್ತಾಳೆ. ನನ್ನ ನೆನಪಿನಲ್ಲಿ ಅವಳೂ ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಇಬ್ಬರ ನೆನಪೂ ಅವರವರಿಗೆ ಅನುಕೂಲವಾಗಿಯೇ ಇದೆ. ಹಾಗಾಗಿ ನಾನು ಹೇಳುವುದನ್ನು ಅರ್ಧ ನಂಬಿ. ಉಳಿದರ್ಧ ಬೇಕಾದರೆ ಅದಿಯಮಾನ್‌ಕೋಟೆಗೆ ಹೋಗಿ ರಾಜಮ್ಮನ ಮನೆಯಲ್ಲಿ ಕಾಫಿ ಕುಡಿದು ಕೇಳಿಕೊಳ್ಳಿ.

ನಡೆದದ್ದು ಹೀಗೆ. ರಾಜಮ್ಮನ ಮಗಳು ಕವಿತಾ ಕುರಿ ಡಾಕ್ಟರು. ಒಂದು ವರ್ಷದ ಓದಿಗೆಂದು ಸ್ಕಾಟ್ಲೆಂಡಿಗೆ ಹೋದಳು. ವರ್ಷ ಮುಗಿಯಿತು, ಹೇಳಿದ ದಿನಕ್ಕೆ ವಾಪಸು ಬಂದು ಧರ್ಮಪುರಿಯಲ್ಲಿ ಕೆಲಸಕ್ಕೆ ಸೇರಿದಳು. ಆರು ತಿಂಗಳ ನಂತರ ಅವಳ ಹಿಂದೆಯೇ ಒಬ್ಬ ಬಂದ. ಅವನೂ ಕುರಿ ಡಾಕ್ಟರೇ. ಹೆಸರು ಕ್ಯಾಲಮ್. ಆರು ಅಡಿಗೂ ಮೇಲೆ, ತೆಳ್ಳಗೆ, ಮಾತಾಡುವ ಮೊದಲು ಒಂದು ಕ್ಷಣ ಯೋಚಿಸುವ ಹುಡುಗ. ನಮ್ಮ ಅವ್ವನಿಗೆ ಆ ಹೆಸರು ಬೇಕಾಗಲಿಲ್ಲ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದವನನ್ನು ಮೇಲಿಂದ ಕೆಳಗೆ ನೋಡಿ, "ಉದ್ದುಡುಗ" ಎಂದಳು. ಅದೇ ಹೆಸರು ಉಳಿಯಿತು.

ನಮ್ಮ ಕಡೆ ಮದುವೆಗೆ ತಾಳಿ ಮರೆತರೂ ಫ್ಲೆಕ್ಸ್ ಮರೆಯುವುದಿಲ್ಲ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವನು. ಆ ಧೈರ್ಯದಲ್ಲಿ, ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು, ಹುಡುಗನ ಮುಖವನ್ನು ತೆಗೆದು ಕೆಂಪು ಚೌಕಳಿ ಕಿಲ್ಟು ಉಟ್ಟ ಯಾರದೋ ಮೈಯ ಮೇಲೆ ಕೂರಿಸಿದೆ. ಕಿಲ್ಟು ಅಂದರೆ ಅವರ ನಾಡಿನ ಗಂಡಸರು ಮೊಣಕಾಲಿನವರೆಗೆ ಉಡುವ ನೆರಿಗೆಯ ಉಣ್ಣೆಬಟ್ಟೆ. ಒಂದು ಹೊಸತನವಿರಲಿ ಎಂದು ನನ್ನ ಆಸೆ. ಜೀವನವಿಡೀ ನನಗೆ ಈ ಹೊಸತನದ ಚಟವಿದೆ. ಅದರಿಂದ ಒಳ್ಳೆಯದಾದದ್ದು ನೆನಪಿಲ್ಲ.

ಫ್ಲೆಕ್ಸು ಅದಿಯಮಾನ್‌ಕೋಟೆ ಬಸ್ ಸ್ಟಾಪಿನಲ್ಲಿ ಎದ್ದು ನಿಂತಿತು. ಮದುವೆಗೆ ಐದು ದಿನ ಇರುವಾಗ ಕ್ಯಾಲಮ್ ಅದರ ಮುಂದೆ ನಿಂತು ತುಂಬಾ ಹೊತ್ತು ನೋಡಿದ.

"ಮಾಮ, ಇದು ಯಾರು?"

"ನೀನೇ."

ಅವನು ಒಂದು ಕ್ಷಣ ಯೋಚಿಸಿದ. "ಕಾಲು ನನ್ನವಲ್ಲ."

ಆಮೇಲೆ ತಿಳಿಯಿತು, ಅವನ ಪೆಟ್ಟಿಗೆಯಲ್ಲಿ ಕಿಲ್ಟು ಇಲ್ಲ. ಪೆಟ್ಟಿಗೆಯಲ್ಲಿ ಮಾತ್ರವಲ್ಲ, ಅವನ ಊರಿನ ಮನೆಯಲ್ಲೂ ಇಲ್ಲ. ಹುಟ್ಟಿದ ಮೇಲೆ ಎರಡು ಸಲ ಉಟ್ಟಿದ್ದನಂತೆ, ಎರಡೂ ಬಾಡಿಗೆಯವು. ನನಗೆ ಮೋಸ ಹೋದ ಹಾಗಾಯಿತು. ನನ್ನದು ಹಾಜರಿ ಪುಸ್ತಕದ ಇಂಗ್ಲಿಷು. ಅದರಲ್ಲೇ ಕೇಳಿದೆ, "ನಿಮ್ಮ ಕಡೆ ಎಲ್ಲಾ ಅದನ್ನೇ ಉಡ್ತಾರಲ್ವಾ?"

"ನೀವು ದಿನಾ ಕಂಬಳಿ ಹೊದ್ದುಕೊಂಡು ಓಡಾಡ್ತೀರಾ ಮಾಮ?" ಎಂದ ಅವನು. ಕುರಿ ಕಾಯುವ ಮನೆತನ ನಮ್ಮದೆಂದು ಕವಿತಾ ಹೇಳಿದ್ದಳು. ನನ್ನ ಮೈಮೇಲಿದ್ದದ್ದು ಇಸ್ತ್ರಿ ಮಾಡಿದ ಟೆರಿಕಾಟನ್ ಶರಟು. ಮಾತು ಅಲ್ಲಿಗೆ ನಿಂತಿತು.

ರಾಜಮ್ಮ ಮಾತ್ರ ನಿಲ್ಲಲಿಲ್ಲ. "ಅಣ್ಣಾ, ಊರೆಲ್ಲಾ ಕೇಳ್ತಾ ಐತೆ, ಮಾಪಿಳ್ಳೆ ಪಾವಾಡೆ ಉಟ್ಕೊಂಡು ಬರ್ತಾರಂತಲ್ಲಾ ಅಂತ. ನಾನೂ ಊಂ ಅಂದ್ಬಿಟ್ಟಿವ್ನಿ. ಈಗ ಪ್ಯಾಂಟಾಕ್ಕೊಂಡು ಬಂದ್ರೆ ನನ್ ಮಾನ ಏನಾಗ್ಬೇಕು? ನೀನೇ ಬರ್ದಿದ್ದು, ನೀನೇ ಒಲ್ಸು."

ಮಾಪಿಳ್ಳೆ ಅಂದರೆ ಮದುವೆಗಂಡು, ಪಾವಾಡೆ ಅಂದರೆ ಲಂಗ. ಹೀಗೆ ಕಿಲ್ಟು ನನ್ನ ತಲೆಗೆ ಬಂತು. ಮದುವೆಯವರೆಗೆ ಗಂಡು ಹೆಣ್ಣಿನ ಮನೆಯಲ್ಲಿ ಇರುವಂತಿಲ್ಲವಾದ್ದರಿಂದ ಹುಡುಗ ಮೇಚೇರಿಯ ಹತ್ತಿರದ ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದ. ಅವನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಟ್ಟೆ ಹುಡುಕಲು ಸೇಲಮ್ಮಿಗೆ ಹೊರಟೆ. ಅವನ ಮೊಣಕಾಲು ಎರಡೂ ಕಡೆ ಚಾಚಿಕೊಂಡು, ಎದುರಿಗೆ ಬರುವವರು ಬೇಕಾದ್ದಕ್ಕಿಂತ ಹೆಚ್ಚು ದಾರಿ ಬಿಡುತ್ತಿದ್ದರು.

ಕೆಂಪು ಚೌಕಳಿ ಸಿಕ್ಕಿದ್ದು ಸ್ಕೂಲ್ ಯೂನಿಫಾರ್ಮ್ ಅಂಗಡಿಯಲ್ಲಿ. ಅಂಗಡಿಯವರು ಹುಡುಗನನ್ನು ನೋಡಲಿಲ್ಲ, ಬಟ್ಟೆಯ ತಾನು ಎಳೆಯುತ್ತಲೇ "ಯಾವ ಸ್ಕೂಲು? ಎಷ್ಟನೇ ಕ್ಲಾಸು?" ಎಂದರು. ನಾನು ಹಿಂದೆ ಕೈ ತೋರಿಸಿದೆ. ಅವರು ತಲೆ ಎತ್ತಿದರು, ಇನ್ನೂ ಎತ್ತಿದರು.

"ಫೇಲಾ?" ಎಂದರು.

ನನಗಿಂತ ಮೊದಲು ಕ್ಯಾಲಮ್ ನಕ್ಕ. 'ಫೇಲ್' ಯಾವ ಭಾಷೆಯಲ್ಲೂ ಒಂದೇ.

ಆ ಬಟ್ಟೆಯನ್ನು ತಂದು ಅದಿಯಮಾನ್‌ಕೋಟೆಯ ಗೋಪಾಲು ಮಾಸ್ಟರಿಗೆ ತೋರಿಸಿದೆ. ಗೋಪಾಲು ನಮ್ಮ ಕಡೆಯ ಹಳೆಯ ಟೈಲರು. ಅರ್ಧ ಕನ್ನಡ, ಅರ್ಧ ತಮಿಳು, ಕತ್ತರಿ ಹಿಡಿದಾಗ ಎರಡೂ ಇಲ್ಲ. ನಾನು ಮೇಷ್ಟ್ರಾದ್ದರಿಂದ ಅವರಿಗೆ 'ವಾತ್ಯಾರು'. ಕತ್ತರಿ ಕೈಯಲ್ಲಿದ್ದಾಗ ಫೋನನ್ನು ಆಫ್ ಮಾಡಿ ಡ್ರಾಯರಿಗೆ ಹಾಕುತ್ತಾರೆ. ಒಮ್ಮೆ ಮಾತಾಡುತ್ತಾ ಕತ್ತರಿಸಿ ಒಂದು ಸಫಾರಿ ಸೂಟಿನ ತೋಳು ಹಾಳಾದದ್ದಕ್ಕೆ ಹಿಡಿದ ವ್ರತವಂತೆ. ಅವರು ಫೋನಿನಲ್ಲಿ ಕಿಲ್ಟಿನ ವಿಡಿಯೋ ನೋಡಿದರು. ಮತ್ತೊಮ್ಮೆ ನೋಡಿದರು. ಯೂನಿಫಾರ್ಮ್ ಬಟ್ಟೆಯ ತುದಿ ಹಿಡಿದು ಊದಿದರು. ಅದು ಹಾರಿತು.

"ವಾತ್ಯಾರೆ, ಇದನ್ನ ಉಟ್ಕೊಂಡು ನಿಂತ್ರೆ ಒಂದು ಗಾಳಿಗೆ ಮದ್ವೆ ಮುಗ್ದೋಯ್ತದೆ. ಭಾರ ಬೇಕು. ಉಣ್ಣೆ ತನ್ನಿ."

ಸೇಲಮ್ಮಿನ ಬಿಸಿಲಿಗೆ ಉಣ್ಣೆಬಟ್ಟೆ ಮಾರುವವರು ಯಾರು? ಆದರೆ ಆ ಮಾತಿಗೆ ನನ್ನ ತಲೆಯಲ್ಲಿ ನಮ್ಮ ಮನೆಯ ಅಟ್ಟ ತೆರೆದುಕೊಂಡಿತು.

ಇಲ್ಲಿ ಕುರಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಮೇಚೇರಿ ಕುರಿಗೆ ಉಣ್ಣೆಯಿಲ್ಲ. ಕಂದು ಬಣ್ಣ, ನುಣ್ಣನೆ ಚರ್ಮ, ಮೈಮೇಲೆ ಇರುವುದು ಗಿಡ್ಡ ಕೂದಲು. ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ ಟೀಚರು ಕುರಿ ಬರೆಯಲು ಹೇಳಿದರು. ನಾನು ನಮ್ಮ ಮನೆಯ ಕುರಿಯನ್ನೇ ಬರೆದೆ. ಟೀಚರು ನೋಡಿ "ಇದು ನಾಯಿ" ಎಂದರು. ಪುಸ್ತಕದಲ್ಲಿ ಕುರಿ ಅಂದರೆ ಹತ್ತಿಯ ಮೂಟೆಗೆ ನಾಲ್ಕು ಕಾಲು. ಪಕ್ಕದ ಹುಡುಗ ಕುರಿಯನ್ನೇ ಕಂಡವನಲ್ಲ, ಅವನು ಮೂಟೆ ಬರೆದು ಚಪ್ಪಾಳೆ ಗಿಟ್ಟಿಸಿದ. ನಾನು ಡ್ರಾಯಿಂಗ್ ಮೇಷ್ಟ್ರಾದದ್ದು ಆ ಸಿಟ್ಟಿಗೆ ಎಂದು ಬಹಳ ಕಾಲ ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಆ ವರ್ಷ ಖಾಲಿ ಇದ್ದದ್ದು ಅದೊಂದೇ ಪೋಸ್ಟು. ಈ ಕತೆಯನ್ನು ಕ್ಯಾಲಮ್ಮಿಗೆ ಹೇಳಿದೆ. ಅವನು ಬಾಲ್ಯವೆಲ್ಲಾ ಮೂಟೆಗಳ ನಡುವೆ ಬೆಳೆದವನು. ನಮ್ಮ ಕುರಿಯ ಬೆನ್ನು ಸವರಿ, "ಇದಕ್ಕೆ ಬೇಸಿಗೆಯಲ್ಲಿ ಎಷ್ಟು ನೆಮ್ಮದಿ ಇರಬೇಕು" ಎಂದ.

ಉಣ್ಣೆಯಿಲ್ಲದ ಕುರಿ ಕಾಯುವವರಿಗೆ ಕಂಬಳಿ ಎಲ್ಲಿಂದ ಬರಬೇಕು? ಅಜ್ಜನ ಕಾಲದಲ್ಲಿ ಕನ್ನಡ ಸೀಮೆಯ ಯಾವುದೋ ಸಂತೆಯಿಂದ ಬಂದದ್ದು. ನಮ್ಮ ಮನೆಯಲ್ಲಿ ಎರಡಿದ್ದವು. ಒಂದು ಸಾಮಾನ್ಯದ್ದು, ಮೂಟೆಗೆ ಮುಚ್ಚಲು, ಹಟ್ಟಿಗೆ ಹಾಸಲು. ಇನ್ನೊಂದು ಗದ್ದುಗೆಯದು. ಮದುವೆಯ ದಿನ ಆ ಕಂಬಳಿ ಹಾಸಿ, ಅದರ ಮೇಲೆ ಅಕ್ಕಿ ಸುರಿದು ಪೂಜೆ ಮಾಡಿ, ಗಂಡುಹೆಣ್ಣನ್ನು ಕೂರಿಸುತ್ತೇವೆ. ಆ ಹಾಸೇ ಗದ್ದುಗೆ. ಅಜ್ಜ ಅಜ್ಜಿ ಕೂತದ್ದು, ಅಪ್ಪ ಅವ್ವ ಕೂತದ್ದು, ನಾನು ಕೂತದ್ದು, ರಾಜಮ್ಮ ಕೂತದ್ದು ಅದರ ಮೇಲೆಯೇ. ಅದಕ್ಕೆ ಕತ್ತರಿ ತಾಗಬಾರದು. ಹಾಗೆಂದು ಬೇರೆಯವರು ಏನು ಹೇಳುತ್ತಾರೋ ಗೊತ್ತಿಲ್ಲ, ನಮ್ಮ ಮನೆಯ ಕಟ್ಟು ಅದು. ಅದನ್ನು ಕಾದವರು ನಮ್ಮ ಅಪ್ಪ. ಇಲಿ ಬಂದರೆ ನಮ್ಮನ್ನು ಬಿಟ್ಟು ಮೊದಲು ಕಂಬಳಿಯನ್ನು ನೋಡುತ್ತಿದ್ದರು. ಹೋಗುವಾಗ ಅವ್ವನ ಕೈಗೆ ಅವರು ಒಪ್ಪಿಸಿದ್ದು ಎರಡೇ, ಬೀಗದ ಕೈ ಮತ್ತು ಆ ಕಂಬಳಿ. ಈಗ ಅವರು ಗೋಡೆಯ ಮೇಲೆ ಫೋಟೋದಲ್ಲಿದ್ದಾರೆ, ಹಸಿರು ಬೆಲ್ಟಿನ ಮೊಳೆಗೆ ಎದುರಾಗಿ.

ಕಂಬಳಿ ಅಂದರೆ ನನಗೆ ಮೊದಲು ನೆನಪಾಗುವುದು ಒಂದು ಚಳಿಗಾಲ. ಮನೆಯಲ್ಲಿ ಮಕ್ಕಳಿಗೆ ಹೊದೆಯಲು ಇದ್ದದ್ದು ಒಂದೇ ಕಂಬಳಿ, ನಾನೂ ರಾಜಮ್ಮನೂ ದಿನಾ ಎಳೆದಾಡುತ್ತಿದ್ದೆವು. ವಿಚಿತ್ರವೆಂದರೆ ನನ್ನ ನೆನಪಿನ ಆ ಕಂಬಳಿಗೆ ಉದ್ದ ಬೇಕಾದಷ್ಟಿದೆ, ಅಗಲವೇ ಇಲ್ಲ. ಹಗ್ಗದ ಹಾಗೆ ಮೈಗೆ ಸುತ್ತಿಕೊಂಡು ಮಲಗುತ್ತಿದ್ದೆ. ಇದನ್ನು ಹೇಳಿದಾಗೆಲ್ಲ ರಾಜಮ್ಮ, "ಎಳೆದಾಡಿದ್ದು ಯಾವಾಗ? ನನ್ ಕಂಬ್ಳಿ ನಂಗಿತ್ತು, ನಿನ್ ಕಂಬ್ಳಿ ನಿಂಗಿತ್ತು. ಕತೆ ಕಟ್ಬ್ಯಾಡ" ಎನ್ನುತ್ತಾಳೆ. ನಲವತ್ತು ವರ್ಷದಿಂದ ಈ ವ್ಯಾಜ್ಯ ನಡೆದೇ ಇದೆ.

ಇರಲಿ. ನಾನು ಅಟ್ಟ ಹತ್ತಿದೆ. ಅಲ್ಲಿ ಎರಡು ಗಂಟು. ಅಪ್ಪ ಗದ್ದುಗೆ ಕಂಬಳಿಯನ್ನು ಅರಿಶಿನದಲ್ಲಿ ಅದ್ದಿದ ಪಂಚೆಯಲ್ಲಿ ಕಟ್ಟಿದ್ದರು, ಸಾಮಾನ್ಯದ್ದನ್ನು ಬಿಳಿ ಪಂಚೆಯಲ್ಲಿ. ನಾನು ಬಿಳಿಯ ಗಂಟನ್ನು ಎತ್ತಿಕೊಂಡು ಇಳಿದೆ, ನೇರ ಗೋಪಾಲು ಮಾಸ್ಟರಿಗೆ ಕೊಟ್ಟು ಬಂದೆ. "ನಾಳೆ ಬೆಳಿಗ್ಗೆ ಕತ್ರಿ ಆಕ್ತೀನಿ" ಎಂದರು.

ಉಳಿದವೆಲ್ಲಾ ಎಷ್ಟು ಸಲೀಸಾಗಿ ಕೂಡಿಬಂದವೆಂದರೆ ನನಗೆ ಆಗಲೇ ಭಯವಾಗಬೇಕಿತ್ತು. ಕಿಲ್ಟಿನ ಮೇಲೆ ಹಾಕುವ ಜಾಕೆಟ್ಟು ಗಿಡ್ಡಕ್ಕಿರಬೇಕಂತೆ, ಸೊಂಟದ ಕೆಳಗೆ ಇಳಿಯಬಾರದಂತೆ. ನನ್ನ ಮದುವೆಯ ಕರಿ ಕೋಟು ಪೆಟ್ಟಿಗೆಯಲ್ಲಿತ್ತು. ನನಗೆ ತೊಡೆಯವರೆಗೆ ಬರುತ್ತಿದ್ದದ್ದು ಅವನಿಗೆ ಸರಿಯಾಗಿ ಸೊಂಟಕ್ಕೆ ನಿಂತಿತು. ತೋಳು ಮಾತ್ರ ಗಿಡ್ಡ. ನನ್ನ ಹೆಂಡತಿ ಸರೋಜ ಒಳಮಡಿಕೆ ಬಿಚ್ಚಿ ಇಳಿಸಿಕೊಟ್ಟಳು. "ನಿಮಗಂತೂ ಈ ಕೋಟು ಒಂದಿನಾನೂ ಒಪ್ಪಲಿಲ್ಲ. ಅದಕ್ಕೂ ಒಳ್ಳೆ ಕಾಲ ಬಂತು" ಎಂದಳು. ಅಂದು ಮದುವೆಯ ದಿನ ಅವಳು ಅದನ್ನು ಹೊಗಳಿದ್ದಳೆಂದೇ ನನ್ನ ನೆನಪು. ಅದನ್ನೂ ಈಗ ಅನುಮಾನಿಸಬೇಕಾಗಿದೆ.

ಸೊಂಟಕ್ಕೆ ಅಗಲದ ಬೆಲ್ಟು ಬೇಕೆಂದಾಗ ಸಂತೆಗೆ ಹೋದೆವು. ಹಸಿರು ಬೆಲ್ಟು ಮಾರುವವನು ಹುಡುಗನ ಸೊಂಟ ಅಳೆದು, "ಇದರೊಳಗೆ ಇಬ್ಬರು ನಿಲ್ಲಬಹುದು ಸಾರ್, ಮದುವೆ ಆಗಿ ಒಂದು ವರ್ಷ ಬಿಟ್ಟು ಬನ್ನಿ" ಎಂದ. ಕಾಲಿಗೆ ಫುಟ್ಬಾಲಿನವರ ಕರಿ ಸಾಕ್ಸು ಸಿಕ್ಕಿತು. ಕಿಲ್ಟಿನ ಮುಂಭಾಗಕ್ಕೆ ಒಂದು ಚೀಲ ತೂಗಬೇಕೆಂದು ಕ್ಯಾಲಮ್ ಫೋಟೋ ತೋರಿಸಿದಾಗ ಅವ್ವ ಬಗ್ಗಿ ನೋಡಿದಳು. ಸೊಂಟದಿಂದ ತನ್ನ ಎಲೆಯಡಿಕೆ ಸಂಚಿ ಬಿಚ್ಚಿ ಅವನ ಕೈಗಿಟ್ಟಳು. "ಇದನ್ನ ತೂಗಾಕ್ಕೊ. ಅಡ್ಕೆ ತೆಗಿಬ್ಯಾಡ, ಮಧ್ಯ ಮಧ್ಯ ನಾನು ಬಂದು ತಗೋತೀನಿ."

ಮರುದಿನ ಬೆಳಿಗ್ಗೆ ಅವ್ವ ಅಂಗಳದಲ್ಲಿ ಚಾಪೆ ಬಿಚ್ಚಿ ಕೂತಿದ್ದಳು. "ಲೇ, ಗದ್ಗೆ ಕಂಬ್ಳಿ ಇಳ್ಸು ಕಣ್ಲಾ. ಬಿಸ್ಲಿಗಾಕ್ಬೇಕು."

ನಾನು ಅಟ್ಟ ಹತ್ತಿ, ಉಳಿದಿದ್ದ ಹಳದಿ ಗಂಟನ್ನು ತಂದೆ. ಅವ್ವ ಪಂಚೆ ಬಿಚ್ಚಿದಳು. ಒಳಗಿದ್ದದ್ದು ಹಟ್ಟಿಗೆ ಹಾಸುವ ಕಂಬಳಿ, ಇಲಿ ತಿಂದ ನಾಲ್ಕು ತೂತಿನದು.

ಅರಿಶಿನದ ಪಂಚೆ ಅಷ್ಟು ವರ್ಷದಲ್ಲಿ ಬಿಳಿಚಿಕೊಂಡಿತ್ತು. ಬಿಳಿ ಪಂಚೆ ಅಷ್ಟೇ ವರ್ಷದಲ್ಲಿ ಹಳದಿಗಟ್ಟಿತ್ತು. ಮೂವತ್ತು ವರ್ಷ ಮಕ್ಕಳಿಗೆ ಬಣ್ಣ ಕಲಿಸಿದ ಮನುಷ್ಯ ನಾನು.

"ಇದಲ್ಲ ಕಣ್ಲಾ. ಆ ಇನ್ನೊಂದು" ಎಂದಳು ಅವ್ವ.

"ಅದು... ರಾಜಿ ಮನೇಲೈತವ್ವ. ಮಂಟಪಕ್ಕೆ ಹತ್ರ ಅಂತ ಅಲ್ಲೇ ಇಟ್ಟಿವ್ನಿ."

"ಬಿಸ್ಲಿಗಾಕವ್ಳಾ?"

"ಊಂ."

ಎಂಬತ್ತು ದಾಟಿದ ತಾಯಿಗೆ ಅರವತ್ತು ದಾಟಿದ ಮಗ ಸುಳ್ಳು ಹೇಳಿದರೆ ಅದು ಎಷ್ಟನೇ ಕ್ಲಾಸಿನ ಸುಳ್ಳಾದರೂ ಒಂದೇ ತರಹ ಕೇಳಿಸುತ್ತದೆ. ಅವ್ವ ನನ್ನನ್ನೇ ನೋಡಿ, "ಇದೊಂದು ಮದ್ವೆ ಆ ಕಂಬ್ಳಿ ಮ್ಯಾಲೆ ಕಂಡ್ಬಿಟ್ರೆ ನಂದು ಆಯ್ತು" ಎಂದಳು.

ನಾನು ಹಿತ್ತಿಲಿಗೆ ಹೋಗಿ ಗೋಪಾಲು ಮಾಸ್ಟರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಅಂದರೆ ಕತ್ತರಿ ಕೈಯಲ್ಲಿದೆ. ರಾಜಮ್ಮನಿಗೆ ಮಾಡಿದೆ. ಅವಳು ಸೀರೆ ತರಲು ಎಲ್ಲರನ್ನೂ ಕಟ್ಟಿಕೊಂಡು ಸೇಲಮ್ಮಿನಲ್ಲಿದ್ದಳು. ಮೊಪೆಡ್ ತೆಗೆದೆ. ಕ್ಯಾಲಮ್ ಹಿಂದೆ ಕೂತ. ನನ್ನ ಮುಖ ನೋಡಿ ಯಾವುದೋ ಕುರಿಗೆ ಹೆರಿಗೆ ಕಷ್ಟವಾಗಿದೆ ಎಂದುಕೊಂಡನಂತೆ.

ತೊಪ್ಪೂರು ಘಾಟಿಯಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಮೊಪೆಡ್ಡು ಕೂಡ ನುಸುಳದ ಹಾಗೆ, ಎಡಕ್ಕೂ ಬಲಕ್ಕೂ ಲಾರಿಗಳು. ಡ್ರೈವರುಗಳು ಕೆಳಗಿಳಿದು ಬೀಡಿ ಹಚ್ಚಿದ್ದರು. ಸೀಬೆಹಣ್ಣು ಮಾರುವ ಹೆಂಗಸು ಬುಟ್ಟಿ ಹೊತ್ತು ಗಾಡಿಯಿಂದ ಗಾಡಿಗೆ ಬರುತ್ತಿದ್ದಳು. ನಾನು ಹತ್ತು ಸಲ ಫೋನ್ ಮಾಡಿದೆ, ಹತ್ತು ಸಲವೂ ಅದೇ ಹುಡುಗಿ ತಮಿಳಿನಲ್ಲಿ ಸ್ವಿಚ್ ಆಫ್ ಎಂದಳು.

ಅಲ್ಲೇ ಹುಡುಗನಿಗೆ ಎಲ್ಲವನ್ನೂ ಹೇಳಿದೆ. ಗದ್ದುಗೆ, ಕತ್ತರಿ, ಅಪ್ಪ, ಅವ್ವ. ಬಣ್ಣದ ವಿಷಯ ಹೇಳುವಾಗ ಮಾತ್ರ ರಸ್ತೆ ನೋಡಿದೆ. ಅವನು ಯೋಚಿಸಿದ.

"ಮಾಮ, ನಾನು ಪ್ಯಾಂಟೇ ಹಾಕ್ಕೋತೀನಿ."

"ಅದಲ್ಲ ಮಾತು. ಈಗಾಗಲೇ ಕತ್ತರಿಸಿದ್ದರೆ?"

"ಕತ್ತರಿಸಿದ್ದರೆ, ನಾನೇ ಹೇಳಿ ಮಾಡಿಸಿದೆ ಅಂತ ಅಜ್ಜಿಗೆ ಹೇಳಿ. ಹೊರಗಿನವನು, ಗೊತ್ತಿರಲಿಲ್ಲ ಅಂತ. ನನ್ನ ಮೇಲೆ ಸಿಟ್ಟು ಬಂದರೂ ಅವರಿಗೆ ಬೈಯೋಕೆ ಭಾಷೆ ಇಲ್ಲ."

ಆಗ ಸೀಬೆಹಣ್ಣಿನವಳು ಬಂದು ಅವನ ಬಿಳಿ ಮೈಬಣ್ಣ ನೋಡಿ, "ಏನ್ ಸಾಮಿ, ವೆಳ್ಳೈಕ್ಕಾರರ್ ಮೊಪೆಡ್ಡಲ್ಲಿ ಓಗ್ತಾವ್ರೆ, ಕಾರು ಸಿಗ್ಲಿಲ್ವಾ?" ಎಂದಳು. ಅವನು ಎರಡು ಹಣ್ಣು ಕೊಂಡ. ಒಂದನ್ನು ನನಗೆ ಕೊಟ್ಟ. ಉಪ್ಪುಕಾರ ಹಚ್ಚಿದ ಸೀಬೆಹಣ್ಣನ್ನು ಕಚ್ಚದೆ ಜೇಬಿಗೆ ಹಾಕಿಕೊಂಡೆ. ನಮ್ಮ ಮನೆಯ ತಪ್ಪನ್ನು ಹೊರಲು ಇನ್ನೂ ನಮ್ಮ ಮನೆಯವನಾಗದವನು ತಯಾರಾಗಿದ್ದ. ಕವಿತಾಳ ಆಯ್ಕೆಯ ಬಗ್ಗೆ ನನಗೆ ಇದ್ದ ಸಣ್ಣಪುಟ್ಟ ಅನುಮಾನಗಳು ಘಾಟಿಯಲ್ಲೇ ಉಳಿದವು.

ದಾರಿ ಬಿಟ್ಟು ಅಂಗಡಿ ತಲುಪಿದಾಗ ಮಧ್ಯಾಹ್ನ. ಗೋಪಾಲು ಮಾಸ್ಟರು ಬಗ್ಗಿ ಕೂತಿದ್ದರು. ಮೇಜಿನ ಮೇಲೆ ಕಂಬಳಿ ಎರಡಾಗಿ ಬಿದ್ದಿತ್ತು.

"ಮಾಸ್ಟರೇ, ಕತ್ರಿ ಆಕ್ಬಿಟ್ರಾ?"

ಅವರು ತಲೆ ಎತ್ತಲಿಲ್ಲ. ಬಾಯಲ್ಲಿ ಸೂಜಿ. ಸೂಜಿ ತೆಗೆದು, ಅದನ್ನು ಕಾಲರಿಗೆ ಚುಚ್ಚಿ, ಆಮೇಲೆ ಹೇಳಿದರು. "ಕತ್ರಿ ಯಾಕೆ ವಾತ್ಯಾರೆ? ಕವಲೆ ಪಡಾದೀಂಗ, ಯೋಚ್ನೆ ಬ್ಯಾಡ. ಬಿಚ್ಚಿದೆ ಅಷ್ಟೆ."

"ಬಿಚ್ಚಿದಿರಾ?"

"ಇದು ಸಣ್ಣ ಮಗ್ಗದ ನೇಯ್ಗೆ. ಒಂದೇ ಸಲಕ್ಕೆ ಅಷ್ಟಗಲ ಬರಲ್ಲ. ಎರಡು ಪಟ್ಟೆ ನೇಯ್ದು ನಡುವೆ ಕೈಯಲ್ಲಿ ಒಲೀತಾರೆ. ಕುರಿ ಕಾಯೋರ ಮನೇಲುಟ್ಟಿ ನಿಮಗೆ ಗೊತ್ತಿಲ್ವಾ? ಗುರ್ತಾಕೋಕೆ ಅಂತ ತಿರುಗಿಸಿದ್ರೆ ನಡುವೆ ಒಲಿಗೆ ಕಂಡ್ತು. ಒಂದು ಪಟ್ಟೆ ಅಳೆದು ನೋಡ್ದೆ, ಮಾಪಿಳ್ಳೆ ಸೊಂಟದಿಂದ ಮೊಣಕಾಲ್ಗೆ ಸರಿಯಾಗೈತೆ. ನೂಲು ಕೂಡ ಕಡಿಮೆ ಮಾಡೋದ್ಬೇಡ. ಕತ್ರಿ ಒಳಗಿಟ್ಬಿಟ್ಟೆ."

ಉದ್ದಕ್ಕೆ ಹತ್ತಡಿಯ ಪಟ್ಟೆ. ಮುಂದೆ ಒಂದು ಸಪಾಟಾದ ಸುತ್ತು ಬಿಟ್ಟು, ಹಿಂದೆ ಒತ್ತಾಗಿ ನೆರಿಗೆ ಹಿಡಿದು, ದೊಡ್ಡ ದೊಡ್ಡ ಟಾಕು ಹಾಕಿದ್ದರು. ಟಾಕು ಎಳೆದರೆ ಅದು ಮತ್ತೆ ಕಂಬಳಿಯೇ. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಕೂತದ್ದು ನನಗೆ ಗೊತ್ತಾದದ್ದು ಅದರ ಒಂದು ಕಾಲು ಅಲ್ಲಾಡಿದಾಗ. ಕ್ಯಾಲಮ್ಮಿಗೆ ಮಾತು ಅರ್ಥವಾಗಿರಲಿಲ್ಲ, ಆದರೂ ಜೇಬಿನಲ್ಲಿ ಉಳಿದಿದ್ದ ಸೀಬೆಹಣ್ಣನ್ನು ನಾನು ತೆಗೆದು ಕಚ್ಚಿದ್ದು ನೋಡಿ ಅವನ ಮುಖ ಅರಳಿತು.

"ಫೋನು ಆಫ್ ಯಾಕೆ ಮಾಡಿದ್ರಿ ಮತ್ತೆ?"

"ಬಿಚ್ಚೋದು ಕತ್ರಿಸೋದಕ್ಕಿಂತ ಕಷ್ಟ" ಎಂದರು ಮಾಸ್ಟರು. ಬಿಚ್ಚಿದ ದಾರವನ್ನು ಬೆಂಕಿಪೊಟ್ಟಣಕ್ಕೆ ಸುತ್ತಿಟ್ಟಿದ್ದರು, ನನ್ನ ಕೈಗೆ ಹಾಕಿದರು. "ಇದು ನೇಯ್ದವರ ಒಲಿಗೆ ಅಲ್ಲ ವಾತ್ಯಾರೆ. ಅವರಾಗಿದ್ರೆ ಉಣ್ಣೆ ದಾರ ಆಕ್ತಿದ್ರು. ಇದು ಕರಿ ನೂಲು, ಗೋಣಿ ಒಲಿಗೆ. ಯಾರೋ ಮೊದ್ಲೇ ಒಂದ್ಸಲ ಬಿಚ್ಚವ್ರೆ."

ಆ ಹೊತ್ತಿಗೆ ಅವರು ಹೇಳಿದ್ದರ ಕಡೆಗೆ ನನಗೆ ಗಮನವಿರಲಿಲ್ಲ. ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡೆ. ಉಳಿದ ಅರ್ಧ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡೆ. ಘಾಟಿಯಲ್ಲಿ ಇಳಿಯುವಾಗ ಅಡ್ಡ ನಿಂತಿದ್ದ ಲಾರಿ ಹೋಗಿತ್ತು. ಆವತ್ತು ಹಾಡಿಕೊಂಡು ಬಂದೆನೆಂದು ಕ್ಯಾಲಮ್ ಈಗಲೂ ಹೇಳುತ್ತಾನೆ. ನನಗೆ ಹಾಡು ಬರುವುದಿಲ್ಲ.

ಅವ್ವನಿಗೆ ಹೇಳುವುದು ಬಾಕಿ ಇತ್ತು. ಕತ್ತರಿಸಿಲ್ಲ ನಿಜ, ಆದರೆ ಮೂರು ತಲೆಮಾರು ಒಂದಾಗಿದ್ದ ಕಂಬಳಿ ಎರಡಾಗಿದೆ. ಸಂಜೆ ಅವಳ ಮುಂದೆ ಕೂತು, ಬೆಳಗಿನ ಸುಳ್ಳಿನಿಂದ ಶುರುಮಾಡಿ ಬಣ್ಣದವರೆಗೆ ಎಲ್ಲಾ ಒಪ್ಪಿಸಿದೆ. ಅರ್ಧ ಕಂಬಳಿಯನ್ನು ಅವಳ ತೊಡೆಯ ಮೇಲೆ ಹಾಕಿದೆ. ಬೈಗುಳಕ್ಕೆ ತಲೆ ಬಗ್ಗಿಸಿದೆ.

ಅವ್ವ ಅಂಚನ್ನು ಬೆರಳಲ್ಲಿ ಸವರಿದಳು. "ಕತ್ರಿ ತಾಗಿಲ್ವಾ?"

"ಇಲ್ಲವ್ವ."

"ಬಿಚ್ಚಿದ್ದಾ?"

"ಊಂ."

"ಸರಿ ಬಿಡು. ಒಂದರ್ಧ ಉಟ್ಕೊಳ್ಲಿ, ಒಂದರ್ಧ ಆಸಿ. ಅವನು ಕುಂತ್ಕೊಂಡ್ರೆ ಎರಡೂ ಒಂದೇ ತಾವು ಸೇರ್ತಾವೆ." ಅಷ್ಟು ಹೇಳಿ, ಕ್ಯಾಲಮ್ಮಿನ ಸೊಂಟದಲ್ಲಿದ್ದ ಸಂಚಿಗೆ ಕೈ ಹಾಕಿ ಅಡಿಕೆ ತೆಗೆದುಕೊಂಡಳು.

ಇಷ್ಟೇನಾ? ನನಗೆ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚಾಯಿತು. ನಮ್ಮ ಅವ್ವ ಒಡೆದ ಲೋಟಕ್ಕೆ ಮೂರು ದಿನ ಬೈಯುವವಳು.

ಮದುವೆಯ ದಿನ ಕ್ಯಾಲಮ್ ಹೇಗಿದ್ದ ಅಂದರೆ, ಬಸ್ ಸ್ಟಾಪಿನ ಫ್ಲೆಕ್ಸಿಗೆ ನಾಚಿಕೆಯಾಗಬೇಕು. ಕರಿ ಕಂಬಳಿಯ ಕಿಲ್ಟು, ಹಿಂದೆ ನೆರಿಗೆ ಕೋಟೆಯ ಗೋಡೆಯ ಹಾಗೆ ಬಿಗಿ. ಮೇಲೆ ನನ್ನ ಕೋಟು, ಸರೋಜ ಹಚ್ಚಿದ ಹಿತ್ತಾಳೆ ಗುಂಡಿಗಳು. ಸೊಂಟಕ್ಕೆ ಹಸಿರು ಬೆಲ್ಟು, ಏಳನೆಯ ತೂತಿಗೆ. ಮುಂದೆ ಅವ್ವನ ಸಂಚಿ. ಮಡಿಕೆ ತೆರೆದುಕೊಳ್ಳದ ಹಾಗೆ ಒಂದು ದೊಡ್ಡ ಊಕು, ಅಂದರೆ ಸೇಫ್ಟಿ ಪಿನ್ನು. ಕಾಲಿಗೆ ಮೊಣಕಾಲುದ್ದ ಸಾಕ್ಸು, ಅದರ ಮೇಲ್ಗಡೆ ಕೈಗೆ ಕಟ್ಟುವ ಕಂಕಣದ್ದೇ ಉಣ್ಣೆಯ ಎರಡು ಕೆಂಪು ಕುಚ್ಚು. "ಫ್ಲೆಕ್ಸಲ್ಲಿ ಕೆಂಪಿತ್ತಲ್ಲಾ?" ಎಂದು ಯಾರೋ ಕೇಳಿದಾಗ ರಾಜಮ್ಮ, "ಅದು ಊರಿಗೋಗೋವಾಗ ಉಡೋದು, ಇದು ಮದ್ವೆಗೆ ಉಡೋದು" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ನೆನಪನ್ನು ಮಾತ್ರವಲ್ಲ, ಸಂಪ್ರದಾಯವನ್ನೂ ನಿಂತಲ್ಲೇ ಹುಟ್ಟಿಸಬಲ್ಲಳು ನನ್ನ ತಂಗಿ. ಕುರಿ ಕಾಯುವ ಮುದುಕರೊಬ್ಬರು ಮಾತ್ರ ಹತ್ತಿರ ಬಂದು ನೆರಿಗೆಯನ್ನು ಬೆರಳಲ್ಲಿ ಉಜ್ಜಿ, "ಇದು ನಮ್ ಕಂಬ್ಳಿ ಕಣ್ಲಾ" ಎಂದು ನಕ್ಕು ಹೋದರು.

ಹಾಸಿದ ಅರ್ಧದ ಮೇಲೆ ಉಟ್ಟ ಅರ್ಧ ಕೂತಿತು. ಪಕ್ಕದಲ್ಲಿ ಕವಿತಾ. ಕಂಬಳಿ ಚುಚ್ಚುತ್ತಿತ್ತೆಂದು ಕಾಣುತ್ತದೆ, ಹುಡುಗ ಮಂತ್ರಕ್ಕೊಮ್ಮೆ ತೊಡೆ ಕೆರೆದುಕೊಳ್ಳುತ್ತಿದ್ದ. ಅವಳು ಮೊಣಕೈಯಲ್ಲಿ ತಿವಿಯುತ್ತಿದ್ದಳು. ಅವ್ವ ಮಧ್ಯೆ ಮಧ್ಯೆ ಎದ್ದು ಬಂದು, ಎಲ್ಲರೂ ಆಶೀರ್ವಾದ ಎಂದುಕೊಳ್ಳುವಂತೆ ಬಗ್ಗಿ, ಸಂಚಿಯಿಂದ ಅಡಿಕೆ ತೆಗೆದುಕೊಂಡು ಹೋಗುತ್ತಿದ್ದಳು.

ಮದುವೆಯಾಗಿ ನಾಲ್ಕನೆಯ ದಿನವೋ ಐದನೆಯ ದಿನವೋ, ಅವ್ವ ಎರಡು ಪಟ್ಟೆಗಳನ್ನೂ ಅಂಗಳದ ಬಿಸಿಲಲ್ಲಿ ಅಕ್ಕಪಕ್ಕ ಹಾಸಿದಳು. ಗೋಣಿ ಹೊಲಿಯುವ ದಬ್ಬಳ ತಂದಳು. "ದಾರ ಪೋಣ್ಸು, ಕಣ್ಣು ಕಾಣಕಿಲ್ಲ. ಅಳೇ ದಾರ ಏನ್ ಮಾಡ್ದೆ?"

ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕೊಟ್ಟೆ. ಅವ್ವ ಅದನ್ನು ಕಣ್ಣಿನ ಹತ್ತಿರ ಹಿಡಿದಳು. ಅವಳ ಭುಜ ಅಲ್ಲಾಡಿತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

"ಇದು ನಂದೇ ಕಣ್ಲಾ. ನಾನೇ ಒಲ್ದಿದ್ದು."

"ಯಾವಾಗ?"

"ನಿಮ್ಮಪ್ಪ ಕುರಿ ಒಡ್ಕೊಂಡು ಆ ಕಡೆ ಓಗಿದ್ದ ವರ್ಸ. ಏನ್ ಚಳಿ ಅಂತೀಯಾ! ನೀನೂ ರಾಜೀನೂ ಆ ಅಟ್ಟಿ ಕಂಬ್ಳೀಗೆ ಕಿತ್ತಾಡಿ ಕಿತ್ತಾಡಿ, ಅದೂ ಅರಿದೋಯ್ತು. ಇನ್ನೇನ್ ಮಾಡ್ಲಿ? ಇದನ್ನ ಇಳ್ಸ್ದೆ. ಕತ್ರಿ ತಾಗ್ಬಾರ್ದಲ್ಲಾ, ಜಾಲಿ ಮುಳ್ಳಲ್ಲಿ ಒಂದೊಂದೇ ಒಲಿಗೆ ಬಿಚ್ಚಿ, ನಿಂಗರ್ಧ ಅವಳಿಗರ್ಧ ಒದ್ಸಿದೆ. ನಿಮ್ಮಪ್ಪ ಬರೋ ಮುಂಚಿನ್ ದಿನ ಕುಂತು ಒಲ್ದಿಟ್ಟೆ."

"ಗದ್ಗೆ ಕಂಬ್ಳೀನಾ ಅವ್ವ?"

"ಚಳಿ ಬಂದಾಗ ಗದ್ಗೇನಾ ಅಂತ ಕೇಳ್ತೈತಾ?"

ಉದ್ದವಿದ್ದು ಅಗಲವಿಲ್ಲದ ಕಂಬಳಿ. ತನ್ನ ಕಂಬಳಿ ತನಗಿತ್ತೆಂಬ ರಾಜಮ್ಮನ ವಾದ. ಎರಡೂ ಅಂಗಳದಲ್ಲಿ ಅಕ್ಕಪಕ್ಕ ಬಿಸಿಲು ಕಾಯುತ್ತಿದ್ದವು. ಇಷ್ಟು ಸರಿಯಾಗಿ ಹೊಂದಿಕೊಂಡದ್ದಕ್ಕೇ ನನಗೆ ಸ್ವಲ್ಪ ಅನುಮಾನ. ನನ್ನ ಮನಸ್ಸಿನ ಭಾರ ಇಳಿಸಲು ಅವ್ವ ಅಲ್ಲೇ ಕಟ್ಟಿದ ಕತೆಯೂ ಇರಬಹುದು. ಆದರೆ ನೂಲಿನ ಗಂಟು ಹಾಕುವಾಗ ಅವಳು ಎರಡು ಸುತ್ತು ಸುತ್ತಿ, ತುದಿಯನ್ನು ಹಲ್ಲಲ್ಲಿ ಕಡಿದಳು. ಬೆಂಕಿಪೊಟ್ಟಣದ ದಾರದ ತುದಿಯಲ್ಲೂ ಅಂಥದೇ ಎರಡು ಸುತ್ತಿನ ಗಂಟಿತ್ತು.

ಹೊಲಿಗೆ ಸೊಟ್ಟಗೆ ಸಾಗಿತು. ನಾನು ಪಟ್ಟೆಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಅರ್ಧಕ್ಕೆ ಬಂದಾಗ ಅವ್ವ ದಬ್ಬಳ ನಿಲ್ಲಿಸಿ, ಒಳಗೆ ಗೋಡೆಯ ಫೋಟೋದ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದಳು.

"ಐವತ್ತೊರ್ಸ ಒಟ್ಟೇಲಿಟ್ಕೊಂಡಿದ್ದೆ. ಈವತ್ತು ಅಗುರಾಯ್ತು ನೋಡು. ನಿಮ್ಮಪ್ಪನ ಕಿವಿಗೆ ಮಾತ್ರ ಬೀಳ್ದಂಗೆ ನೋಡ್ಕೊ."

"ಬೀಳಲ್ಲವ್ವ" ಎಂದೆ. ಎದ್ದು ಹೋಗಿ ನಡುಮನೆಯ ಬಾಗಿಲನ್ನು ಮುಂದೆ ಮಾಡಿ ಬಂದು, ಮತ್ತೆ ಕಂಬಳಿ ಹಿಡಿದು ಕೂತೆ.